ಸಿದ್ರಾಯನ ಧಾಟಿ

ಮೂಡಲಗಿಯ ಸಿದ್ರಾಯ ಮಾಸ್ತರನ ಬ್ಯಾಂಡು ಮದುವೆಗೆ ಬಂತೆಂದರೆ ಮದುಮಗನ ಗೆಳೆಯರಿಗೆ ಹಿರಿಯರು ಮೊದಲೇ ಬುದ್ಧಿ ಹೇಳಿರುತ್ತಾರೆ: ಕುಣಿಯುವುದನ್ನೆಲ್ಲ ಮೆರವಣಿಗೆಯಲ್ಲೇ ಕುಣಿದು ಮುಗಿಸಿರಿ, ಹೆಣ್ಣು ಒಪ್ಪಿಸುವ ಹೊತ್ತಿಗೆ ಮಾತ್ರ ಕಾಲೆತ್ತಬೇಡಿರಿ. ಹೇಳಿದ್ದು ಕೇಳದೆ ಎತ್ತಿದವರಿದ್ದಾರೆ. ಮೂರು ಹೆಜ್ಜೆ ಚೆಂದಾಗಿ ಹಾಕಿ, ನಾಲ್ಕನೆಯದನ್ನು ಎಲ್ಲಿಡಬೇಕೆಂದು ತಿಳಿಯದೆ ಹಂದರದ ಗಳಕ್ಕೆ ಹಣೆ ಬಡಿಸಿಕೊಂಡವರೂ ಇದ್ದಾರೆ. ಆ ಹೊತ್ತಿಗೆ ಸಿದ್ರಾಯ ತನ್ನ ಕ್ಲಾರಿನೆಟ್ಟಿನಲ್ಲಿ ಊದುವ ಧಾಟಿ ಏಳು ಮಾತ್ರೆಯದು. ಎಂಟು ಎಣಿಸಿ ರೂಢಿಯಾದ ಕಾಲಿಗೆ ಅದು ಒಗ್ಗುವುದಿಲ್ಲ. ಹೊರಟವಳು ಏನೋ ಮರೆತೆನೆಂದು ಹೊಸ್ತಿಲಿನಿಂದ ಒಳಗೆ ಬಂದು ಮತ್ತೆ ಹೊರಡುವಂತೆ ಆ ಧಾಟಿ ಮುಂದೆ ಹೋಗುತ್ತದೆ, ಹಿಂದೆ ಬರುತ್ತದೆ, ಮತ್ತೆ ಹೋಗುತ್ತದೆ.

"ಸಿದ್ರಾಯನ ಧಾಟಿಗೆ ಕುಣಿಯಾಕ ಬರೂದಿಲ್ಲ, ಅಳಾಕ ಅಷ್ಟ ಬರತೈತಿ" ಎಂಬುದು ಕೊಣ್ಣೂರಿನಿಂದ ಅಂಕಲಗಿಯವರೆಗೆ ಹೆಂಗಸರ ಮಾತು. ಗಟ್ಟಿ ಎದೆಯ ಬೀಗರೂ ಅದು ಶುರುವಾದರೆ ಟೊಪ್ಪಿಗೆ ತೆಗೆದು ಒಳಗೇನಿದೆಯೆಂದು ನೋಡುತ್ತಾರೆ. ಒಳಗೇನೂ ಇರುವುದಿಲ್ಲ.

ಸಿದ್ರಾಯನಿಗೆ ಇನ್ನೊಂದು ರೂಢಿ. ದಿನದ ಕೆಲಸ ಸುರು ಮಾಡುವಾಗ ಕ್ಲಾರಿನೆಟ್ಟನ್ನು ಕಣ್ಣಿಗೊತ್ತಿಕೊಂಡು, ಬ್ಯಾಂಡು ಕಟ್ಟಿದ ತನ್ನ ತಂದೆ ಉದ್ದಪ್ಪನ ಹೆಸರು ಹೇಳುತ್ತಾನೆ. ಅದು ಎಲ್ಲ ದಿನಗಳ ಮಾತು. ಆದರೆ ಹೆಣ್ಣು ಒಪ್ಪಿಸುವ ಈ ಒಂದು ಧಾಟಿಗೆ ಮೊದಲು ಮಾತ್ರ, ಏನೂ ಹೇಳದೆ ಬಲಗಿವಿಯನ್ನು ಮುಟ್ಟಿಕೊಳ್ಳುತ್ತಾನೆ. ಗುರುವಿನ ಹೆಸರು ಬಂದಾಗ ಹಾಡುವವರು, ಬಾರಿಸುವವರು ಕಿವಿ ಮುಟ್ಟಿಕೊಳ್ಳುವುದು ಈ ಸೀಮೆಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಇದೂ ಅಜ್ಜನಿಗೇ ಇರಬೇಕು ಎಂದುಕೊಂಡಿದ್ದ ಮಗಳು ನೇತ್ರಾ ಯಾವತ್ತೂ ಕೇಳಲು ಹೋಗಿರಲಿಲ್ಲ. "ಎಂಥಾ ಧಾಟಿ ಕಟ್ಟೀರಿ ಮಾಸ್ತರ!" ಎಂದು ಯಾರಾದರೂ ಹೊಗಳಿದರೆ ಅವನು "ನಂದೇನೈತ್ರಿ ಅದರಾಗ" ಎನ್ನುತ್ತಿದ್ದ. ಎಷ್ಟು ವಿನಯ ನೋಡು ಈ ಮನುಷ್ಯನಿಗೆ ಎಂದು ಜನ ಇನ್ನಷ್ಟು ಹೊಗಳುತ್ತಿದ್ದರು.

ನೇತ್ರಾಳದು ಮದುಮಕ್ಕಳನ್ನು ಸಿಂಗರಿಸುವ ಕೆಲಸ. ಮೆಹಂದಿ, ಜಡೆ, ಸೀರೆಯ ನಿರಿಗೆ, ಮುಖದ ಬಣ್ಣ ಎಲ್ಲ ಅವಳದೇ. ಅರ್ಧಕ್ಕರ್ಧ ಮದುವೆಗಳಿಗೆ ಅಪ್ಪನ ಬ್ಯಾಂಡೂ ಮಗಳ ಪೆಟ್ಟಿಗೆಯೂ ಒಂದೇ ಗಾಡಿಯಲ್ಲಿ ಹೋಗುತ್ತಿದ್ದವು. ಅಪ್ಪ ಇರುವ ಮದುವೆಗೆ ಅವಳು ಒಯ್ಯುತ್ತಿದ್ದ ಕಾಡಿಗೆಯೇ ಬೇರೆ, ನೀರಿಗೆ ಜಗ್ಗದಂಥದು. "ನೀ ಅಳಸ್ತಿ, ನಾ ಒರಸ್ತೇನಿ. ಇಬ್ಬರೂ ಕೂಡಿ ಮಂದೀನ್ನ ಛೊಲೋ ಸುಲೀತೇವಿ" ಎಂದು ಅವಳು ಚೇಷ್ಟೆ ಮಾಡಿದರೆ ಅಪ್ಪ ಮೀಸೆಯಲ್ಲೇ ನಗುತ್ತಿದ್ದ.

ಹುಕ್ಕೇರಿಯ ಕುಂಥುನಾಥರ ಮನೆಯ ಮದುವೆಯೂ ಅಂಥದೇ. ಬ್ಯಾಂಡೂ ಅವರದೇ, ಸಿಂಗಾರವೂ ಅವರದೇ. ಹಿಡಕಲ್ ಆಣೆಕಟ್ಟಿನ ಮೇಲೆ ಇಂಜಿನಿಯರಾಗಿ ನಿವೃತ್ತರಾಗಿದ್ದ ಕುಂಥುನಾಥರ ಕೊನೆಯ ಮಗಳು ತ್ರಿಶಲಾಳ ಮದುವೆ. ಹಿಂದಿನ ದಿನ ಮಧ್ಯಾಹ್ನ ನೇತ್ರಾ ಒಬ್ಬಳೇ ಬಸ್ಸಿಗೆ ಬಂದು, ಮಾಳಿಗೆಯ ಮೇಲಿನ ಕೋಣೆಯಲ್ಲಿ ಹುಡುಗಿಯ ಅಂಗೈ ಹಿಡಿದು ಕುಳಿತಿದ್ದಳು. ಬಾಜೂ ಕೋಣೆಯಿಂದ ಗ್ರಾಮೋಫೋನಿನ ಕರಕರ ಸದ್ದು ಬಂತು, ಹಿಂದೆಯೇ ಗಿಟಾರು.

"ಸುರು ಆತ ನೋಡ್ರಿ ಅಕ್ಕಾ, ನಮ್ಮ ಪಪ್ಪಾನ ಅಮೇರಿಕಾ ಭಜನಿ" ಎಂದಳು ತ್ರಿಶಲಾ. "ನನ್ನ ತೊಟ್ಟಲದಾಗ ಹಾಕಿದಾಗೂ ಇದನ್ನ ಹಚ್ಚಿದ್ರಂತ. ನಮ್ಮವ್ವ ಬೈದ ಬೈದ ಸಾಕಾಗಿ ಬಿಟ್ಟಬಿಟ್ಟಾಳ."

ನೇತ್ರಾ ನಕ್ಕಳು. ನವಿಲಿನ ಕುತ್ತಿಗೆ ಬರೆಯುತ್ತಿದ್ದಳು. ಗಿಟಾರಿನ ಕೂಡ ನಾಲ್ಕೈದು ಗಂಡು ದನಿಗಳು ಸೇರಿದವು, ಆಮೇಲೆ ಎಲ್ಲ ಸರಿದು ನಿಂತು ಒಂದು ಕೊಳಲಿಗೆ ದಾರಿ ಬಿಟ್ಟವು. ಕೊಳಲು ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಹೋಯಿತು. ನೇತ್ರಾಳ ಕೈ ನಿಂತಿತು. ನವಿಲಿನ ಕುತ್ತಿಗೆಯ ಮೇಲೆ ಮೆಹಂದಿಯ ದೊಡ್ಡ ಹನಿ ಬಿತ್ತು. ಅವಳ ಬೆರಳು ತಾವಾಗಿಯೇ ಎಣಿಸಿದವು: ಏಳು.

ಹನಿಯನ್ನು ಎಲೆ ಮಾಡಿ ಮುಗಿಸಿ, ಕೈ ತೊಳೆದು, ಅವಳು ಬಾಜೂ ಕೋಣೆಯ ಬಾಗಿಲಲ್ಲಿ ನಿಂತಳು. "ಕಾಕಾರ, ಇದು ಯಾವ ಪದಾರಿ?"

ಆ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಕೇಳಿ ಎಷ್ಟೋ ವರ್ಷವಾಗಿತ್ತು. ಕುಂಥುನಾಥರು ಎಪ್ಪತ್ತರ ಮುದುಕರು, ಕುರ್ಚಿಯಿಂದ ಹುಡುಗನಂತೆ ಎದ್ದರು. "ಬಾ ತಂಗಿ, ಒಳಗ ಬಾ! ಇದಕ್ಕ ಪ್ರೋಗ್ರೆಸಿವ್ ರಾಕ್ ಅಂತಾರ. ರಾಕ್ ಅಂದ್ರ ಬರೇ ಗದ್ದಲ ಅಂತ ತಿಳೀಬ್ಯಾಡ, ಇದರಾಗ ರಾಗ ಐತಿ. ತಟ್ಟಿಯ ಎರಡೂ ಬಾಜೂ ತುಂಬ ಒಂದ ಪದ. ನಮ್ಮ ಭಜನ್ಯಾಗ ಪಲ್ಲ ಹೆಂಗ ಹೊಳ್ಳಿ ಬರತೈತಿ, ಹಂಗ ಈ ಧಾಟಿ ಹೊಳ್ಳಿ ಹೊಳ್ಳಿ ಬರತೈತಿ. ಎಪ್ಪತ್ತೇಳರಾಗ ಮಾಡಿದ್ದು. ಓಹಾಯೋ ಅಂತ ಅಲ್ಲೊಂದ ರಾಜ್ಯ ಐತಿ, ಅಲ್ಲಿಯ ಐದು ಮಂದಿ. ಇದೊಂದ ಆಲ್ಬಮ್ ಮಾಡಿ ದಿಕ್ಕಾಪಾಲಾಗಿ ಹ್ವಾದ್ರು. ನಾ ಪುಣೇದಾಗ ಓದಾಕತ್ತಾಗ ಹಳೇ ಸಾಮಾನಿನ ಬಜಾರದಾಗ ಸಿಕ್ತು."

ಅವರು ತಟ್ಟೆಯ ಹೊದಿಕೆಯನ್ನು ಅವಳ ಕೈಗಿತ್ತರು. ಅಗಲವಾದ ಹೊಳೆ, ಒಂದು ದೋಣಿ, ಆಚೆ ದಡದಲ್ಲಿ ಮೂರು ದೀಪ. ಮೇಲೆ ಇಂಗ್ಲಿಷಿನಲ್ಲಿ 'ಲ್ಯಾಂಪ್ಸ್ ಅಕ್ರಾಸ್ ದ ರಿವರ್'. ಹಿಂಬದಿಯ ಸಣ್ಣ ಅಕ್ಷರಗಳ ಮೇಲೆ ಬೆರಳಿಟ್ಟು ಓದಿದರು: "ರಾಗ ಕಟ್ಟಿದಾವ ಇಂವ, ಎಲ್ಡನ್ ಮೇಬ್ರಿ. ಕೊಳಲು ಊದಿದಾವನೂ ಇವನ."

ಆಮೇಲೆ ಕಪಾಟಿನಿಂದ ಒಂದು ಫೈಲು ತೆಗೆದರು. ಯಾವ ಸಿನೆಮಾದ ಯಾವ ಹಾಡು ಯಾವ ದೇಶದಿಂದ ಕದ್ದದ್ದು ಎಂದು ಕುಂಥುನಾಥರು ಪತ್ರಿಕೆಗಳಿಗೆ ಬರೆದ ಪತ್ರಗಳು ಫೈಲಿನ ತುಂಬ ಅಂಟಿಕೊಂಡಿದ್ದವು. ಕೆಲವನ್ನು ಅಚ್ಚು ಹಾಕಿದ್ದರು, ಹಾಕದ್ದರ ನಕಲೂ ಇತ್ತು. "ಧಾಟಿ ಕಳ್ಳರನ್ನ ನಾ ಮೂರನೇ ಸ್ವರಕ್ಕ ಹಿಡೀತೇನಿ" ಎಂದು ನಕ್ಕರು. "ನಾಳಿ ನಮ್ಮ ಮನೆಯಾಕಿ ಕರಿಸಿದ ಬ್ಯಾಂಡಿನವರು ಏನೇನ ಕದ್ದಾರೋ ಅದನ್ನೂ ನೋಡೂಣು!"

ಅದು ನಮ್ಮಪ್ಪನ ಬ್ಯಾಂಡು ಎಂದು ನೇತ್ರಾ ಹೇಳಲಿಲ್ಲ. ಹೊದಿಕೆಯ ಎರಡೂ ಬದಿಯ ಫೋಟೊ ಹೊಡೆದುಕೊಂಡು, ಇನ್ನೊಂದು ಅಂಗೈ ಮುಗಿಸಿ, ಸಂಜೆಯ ಬಸ್ಸು ಹತ್ತಿದಳು.

ಗೋಕಾಕದವರೆಗೂ ಅವಳಿಗೆ ಒಂದೇ ಯೋಚನೆ. ಅವಳು ಶಾಲೆಯ ಎರಡನೇ ಇಯತ್ತೆಯಲ್ಲಿದ್ದಾಗ ಯಾವುದೋ ಮದುವೆ ಮನೆಯ ಒಂದು ಸ್ಟೀಲಿನ ಲೋಟ ತಿಳಿಯದೆ ತಾಶೆ ವಾದ್ಯದ ಚೀಲದಲ್ಲಿ ಬಂದುಬಿಟ್ಟಿತ್ತು. ಅಪ್ಪ ಉಂಡ ಕೈ ಒಣಗುವ ಮೊದಲೇ ಸೈಕಲ್ಲು ಹತ್ತಿ, ಹನ್ನೆರಡು ಮೈಲಿ ತುಳಿದು ಕೊಟ್ಟು ಬಂದಿದ್ದ. ಅಂಥವನು ಇಷ್ಟು ವರ್ಷ ಯಾವನದೋ ಧಾಟಿಯನ್ನು ತನ್ನ ಹೆಸರಿನಲ್ಲಿ ನಡೆಸಿದನೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹಾಗಾದರೆ ಧಾಟಿಯ ಕಳ್ಳ ಕಿವಿ ಮುಟ್ಟಿಕೊಳ್ಳುತ್ತಾನೋ ಏನೋ! ಅಪ್ಪನ ಬಗ್ಗೆ ಹೀಗೆ ಯೋಚಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು, ಆದರೂ ಯೋಚನೆ ನಿಲ್ಲಲಿಲ್ಲ. ನಾಳೆ ಎರಡೂ ಕಡೆಯ ಬೀಗರ ನಡುವೆ, ಐನೂರು ಮಂದಿಯ ಎದುರು ಆ ಮುದುಕ ಎದ್ದು ನಿಂತು "ಕಳ್ಳ" ಎಂದರೆ ಅಪ್ಪ ಮತ್ತೆ ಕ್ಲಾರಿನೆಟ್ಟು ಬಾಯಿಗಿಡುವುದಿಲ್ಲ. ಅಷ್ಟು ಅವಳಿಗೆ ಖಾತ್ರಿಯಿತ್ತು.

ಕೊಣ್ಣೂರಿನ ಮದುವೆ ಮುಗಿಸಿಕೊಂಡು ಬ್ಯಾಂಡಿನ ಗಾಡಿ ಗೋಕಾಕದ ಬಸ್ ನಿಲ್ದಾಣದ ಎದುರು ಅವಳಿಗಾಗಿ ಕಾದಿತ್ತು. ಅಪ್ಪ ಜರಿಪಟ್ಟಿಯ ಕೆಂಪು ಕೋಟಿನಲ್ಲೇ ಚಹಾದ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದ. ನೇತ್ರಾ ಬಾಜೂ ಕುಳಿತು, ಅರ್ಧ ಕಪ್ಪು ಕುಡಿದು ಧೈರ್ಯ ತಂದುಕೊಂಡಳು.

"ಅಪ್ಪಾ, ನಾಳಿ ಹೆಣ್ಣ ಒಪ್ಪಸಾಗ ನಿನ್ನ ಧಾಟಿ ಬ್ಯಾಡಂತ. ಮನಿಯವರು ಅಂದಾರ."

"ಯಾಕಂತ?"

"ಅಳೂದು ಬ್ಯಾಡಂತ. ನಗನಗತಾ ಕಳಸ್ತಾರಂತ."

ಸಿದ್ರಾಯ ಕಪ್ಪನ್ನು ಕೆಳಗಿಟ್ಟ. ಈ ಧಾಟಿ ಊದತೊಡಗಿದ ಮೇಲೆ ಇಪ್ಪತ್ತೇಳು ವರ್ಷಗಳಲ್ಲಿ ಅವನ ಬ್ಯಾಂಡು ಒಂದು ಹೆಣ್ಣನ್ನೂ ಅದಿಲ್ಲದೆ ಕಳಿಸಿರಲಿಲ್ಲ. "ಬ್ಯಾಡ ಅಂದ್ರ ಬ್ಯಾಡವಾ" ಎಂದ. "ಅವರ ಮನಿ ಹೆಣ್ಣು." ಅವನ ಮುಖ ಸಣ್ಣದಾದದ್ದನ್ನು ನೇತ್ರಾ ನೋಡಿದಳು. ಆದರೂ ಹಾವೂ ಸಾಯಿತು, ಕೋಲೂ ಉಳಿಯಿತು ಎಂದುಕೊಂಡಳು.

ಸುಳ್ಳಿಗೆ ಕಾಲಿಲ್ಲ. ಇವಳ ಸುಳ್ಳು ಮರುದಿನ ಮಧ್ಯಾಹ್ನ ಮೂರು ಗಂಟೆಯವರೆಗೆ ತೆವಳಿಕೊಂಡು ಹೋಯಿತು, ಅಷ್ಟೇ.

ಮದುವೆ ಚೆಂದಾಗಿ ಆಯಿತು. ಕುಂಥುನಾಥರು ಮಂಟಪದ ಬದಿಗೆ ಕುರ್ಚಿ ಹಾಕಿಸಿಕೊಂಡು, ಬ್ಯಾಂಡು ಸಿನೆಮಾ ಹಾಡು ಊದಿದಾಗಲೆಲ್ಲ ಬೆರಳು ಮಡಚಿ ಎಣಿಸುತ್ತಿದ್ದರು. ಹೆಣ್ಣು ಒಪ್ಪಿಸುವ ಹೊತ್ತು ಬಂತು. ತ್ರಿಶಲಾಳ ತಾಯಿ ಜಿನ್ನವ್ವ ಮಗಳ ಕೈಯನ್ನು ಬೀಗಿತ್ತಿಯ ಕೈಯಲ್ಲಿಟ್ಟಳು. ಸಿದ್ರಾಯ ಯಾವುದೋ ಹಳೆಯ ಸಿನೆಮಾ ಹಾಡು ಸುರು ಮಾಡಿದ. ಊದಿದ ಎನ್ನಬೇಕು, ಅಷ್ಟೇ. ಜನ ಮುಖ ಮುಖ ನೋಡಿಕೊಂಡರು. ಅಳಲು ಸೆರಗು ಕೈಯಲ್ಲಿ ಹಿಡಿದು ಸಜ್ಜಾಗಿದ್ದ ಹೆಂಗಸರು ಏನು ಮಾಡಬೇಕೆಂದು ತಿಳಿಯದೆ ಸೆರಗನ್ನು ಸರಿ ಮಾಡಿಕೊಂಡರು.

ಜಿನ್ನವ್ವ ಮಗಳ ಕೈ ಬಿಟ್ಟು ನೇರ ಬ್ಯಾಂಡಿನ ಎದುರು ಬಂದಳು. "ಏನ್ರಿ ಮಾಸ್ತರ, ನಿಮ್ಮ ಧಾಟಿ ಎಲ್ಲೈತಿ? ನಮ್ಮ ತಂಗಿ ಮಗಳ ಮದಿವ್ಯಾಗ ಅದನ್ನ ಕೇಳಿ, ಎಲ್ಲೋ ಕೇಳಿದಂಗ ಅನಿಸಿ ಅತ್ತ ಬಂದೇನಿ. ಆಗ ತ್ರಿಶಲಾ ಬಂದಿದ್ದಿಲ್ಲ, ನಮ್ಮ ಮನಿಯವರು ಉಂಡ ಎದ್ದ ಬಂದಬಿಟ್ಟಿದ್ರು, ಪಾಪ, ಕೇಳಿಲ್ಲ. ಅದಕ್ಕಂತನ ನಿಮ್ಮನ್ನ ಮೂಡಲಗಿಯಿಂದ ಕರಿಸಿದ್ದು!"

"ಮನಿಯವರು ಬ್ಯಾಡ ಅಂದಾರಂತ..." ಸಿದ್ರಾಯ ಮಗಳ ಕಡೆ ನೋಡಿದ.

"ಯಾರಂದ್ರು? ಮನಿಯವರು ನಾವ ಅಲ್ಲನು?"

ನೇತ್ರಾ ತಲೆ ಅಲ್ಲಾಡಿಸಿದಳು, ಬೇಡ, ಬೇಡಪ್ಪಾ ಎಂದು. ಅಪ್ಪನಿಗೆ ಅದು ತಿಳಿಯಲಿಲ್ಲ. ಅಥವಾ ಎದುರಿಗೆ ನಿಂತ ತಾಯಿಯ ಕಣ್ಣಿನ ಮುಂದೆ ಅದು ನಿಲ್ಲಲಿಲ್ಲ. ಅವನು ಬಲಗಿವಿ ಮುಟ್ಟಿಕೊಂಡ. ತಾಶೆ ಬಾರಿಸುವ ಲಖನ ಏಳು ಮಾತ್ರೆಯ ಮೊದಲನೆಯದನ್ನು ಮೆಲ್ಲಗೆ ಇಟ್ಟ.

ಆಗ ಆ ಹಂದರದ ಕೆಳಗೆ ಬಂದ ಅಳುವನ್ನು ಹೇಳಿ ಮುಗಿಸಲಾಗದು. ತ್ರಿಶಲಾ ಮಾತ್ರ ಮೊದಲು ಅಳಲಿಲ್ಲ. ಅವಳು ಚಕಿತಳಾಗಿ ತಿರುಗಿ, ಅಪ್ಪನ ಕುರ್ಚಿಯ ಕಡೆ ನೋಡಿದಳು. ತೊಟ್ಟಿಲಿನಲ್ಲಿ ಕೇಳಿದ ಧಾಟಿ ಬ್ಯಾಂಡಿನಲ್ಲಿ ಹೇಗೆ ಬಂತೆಂದು ಅವಳಿಗೂ ತಿಳಿಯದು. ಆಮೇಲೆ ಓಡಿ ಬಂದು ಅಪ್ಪನ ಎದೆಗೆ ಬಿದ್ದು ಅತ್ತಳು. ನೀರಿಗೆ ಜಗ್ಗದ ಕಾಡಿಗೆಯೂ ಜಗ್ಗಿತು.

ಕುಂಥುನಾಥರು ಮೂರನೆಯ ಸ್ವರಕ್ಕೇ ಎದ್ದು ನಿಂತಿದ್ದರು. ಮಗಳನ್ನು ಗಾಡಿ ಹತ್ತಿಸುವವರೆಗೆ ತಡೆದುಕೊಂಡರು. ಗಾಡಿ ತಿರುವು ದಾಟಿದ್ದೇ ಬಡಿಗೆ ಊರಿಕೊಂಡು ಬ್ಯಾಂಡಿನ ಕಡೆ ನಡೆದರು. ಜನ ದಾರಿ ಬಿಟ್ಟರು. ನೇತ್ರಾ ಓಡಿ ಹೋಗಿ ಅಪ್ಪನ ಮಗ್ಗುಲಲ್ಲಿ ನಿಂತಳು.

"ಮಾಸ್ತರ, ಈ ಧಾಟಿ ಯಾರದ?"

"ಗೊತ್ತಿಲ್ಲರಿ ಸಾಹೇಬ್ರ" ಎಂದ ಸಿದ್ರಾಯ. "ನಂದಂತೂ ಅಲ್ಲ."

ಸುತ್ತ ನಿಂತವರು ಇದೂ ವಿನಯವೇ ಎಂದು ನಕ್ಕರು. ಅವನು ನಗಲಿಲ್ಲ. "ಖರೇನ ನಂದಲ್ಲರಿ. ಅಂಕಲಗಿ ಸಂತ್ಯಾಗ ಹಳೇ ಕ್ಯಾಸೆಟ್ಟಿನ ಗಂಟ ತಂದಿದ್ದೆ, ಊರಾನ ಭಜನಿ ತುಂಬಾಕ. ಒಂದಕ್ಕ ಕವರ್ ಇದ್ದಿಲ್ಲ, ಹೆಸರ ಇದ್ದಿಲ್ಲ. ಒಂದ ಬಾಜೂಕ ಏನೈತಿ ಅಂತ ಕೇಳಲಾರದ ಭಜನಿ ತುಂಬಿಬಿಟ್ಟೆ. ಎರಡನೇ ಬಾಜೂ ತಿರುವಿದಾಗ ಈ ಧಾಟಿ ಬಂತು. ಹಂಗ ಕೈ ನಿಂತಬಿಡ್ತು. ಅದೊಂದನ್ನ ಅಳಿಸಲಿಲ್ಲ, ಟೇಪು ಹರಿಯೂ ಮಟಾ ಕೇಳಿ ಕಲತೆ. ಕೇಳಿದವರಿಗೆಲ್ಲಾ ನಂದಲ್ಲ ಅಂತ ಹೇಳಕೋತ ಬಂದೇನಿ, ಒಬ್ಬರೂ ನಂಬೂದಿಲ್ಲ. ಗುರುವಿನ ಹೆಸರ ತಗೊಳ್ಳಲಾರದ ಬಾರಿಸಬಾರದರಿ. ನನಗ ಹೆಸರ ಗೊತ್ತಿಲ್ಲ. ಅದಕ್ಕ ಬರೇ ಕಿವಿ ಮುಟ್ಟಕೊಂಡ ಬಾರಸ್ತೇನಿ. ನಿಮಗ ಗೊತ್ತಿದ್ರ ಹೇಳ್ರಿ, ನಿಮ್ಮ ಪಾದಾ ಹಿಡೀತೇನಿ."

ಕುಂಥುನಾಥರು ಬಾಯಿ ತೆರೆಯುವುದರೊಳಗೆ ನೇತ್ರಾ ಹೇಳಿದಳು.

"ಎಲ್ಡನ್ ಮೇಬ್ರಿ ಅಪ್ಪಾ. ಅಮೇರಿಕಾದವರು."

ಸಿದ್ರಾಯ ಮಗಳ ಕಡೆ ತಿರುಗಿದ. "ನಿನಗ ಯಾವಾಗ ಗೊತ್ತಾತು?"

"ನಿನ್ನಿ. ಮಧ್ಯಾಹ್ನ."

ಅವನು ದಡ್ಡನಲ್ಲ. ಗೋಕಾಕದ ಬೆಂಚು, ಅರ್ಧ ಕಪ್ಪು ಚಹಾ, ಮನೆಯವರು ಬೇಡವೆಂದ ಮಾತು ಎಲ್ಲವೂ ಅವನ ಮುಖದ ಮೇಲೆ ಒಂದೊಂದಾಗಿ ಬಂದು ಹೋದವು. ನೇತ್ರಾ ನೋಡುತ್ತಲೇ ಇದ್ದಳು. "ನಾ ಕದ್ದೇನಂತ ತಿಳದಿ" ಎಂದ. ಅದು ಪ್ರಶ್ನೆಯಾಗಿರಲಿಲ್ಲ.

"ನಿನ್ನೀನ ಹೇಳಿದ್ರ ಇವತ್ತ ಹೆಸರ ತಗೊಂಡ ಬಾರಸ್ತಿದ್ನೆಲ್ಲವಾ" ಎಂದ ಸಿದ್ರಾಯ, ಮೆಲ್ಲಗೆ.

ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಕಿವಿ ಮುಟ್ಟುತ್ತಿದ್ದ ಆ ಕೈ ಎಷ್ಟು ವರ್ಷ ಯಾರನ್ನು ಹುಡುಕುತ್ತಿತ್ತು! ಅಪ್ಪ ಹುಡುಕುತ್ತಿದ್ದ ಒಂದೇ ಒಂದು ವಸ್ತುವನ್ನು ಒಂದಿಡೀ ದಿನ ತನ್ನ ಫೋನಿನಲ್ಲಿ ಮುಚ್ಚಿಟ್ಟುಕೊಂಡು, ಅವನ ಮರ್ಯಾದೆ ಕಾಯುತ್ತಿದ್ದೇನೆಂದು ತಿಳಿದಿದ್ದಳು. ನೇತ್ರಾ ಅಲ್ಲೇ, ತಾಶೆಯ ಪಕ್ಕ, ಬಿಕ್ಕಿ ಬಿಕ್ಕಿ ಅತ್ತಳು. ಹೆಣ್ಣನ್ನು ಕಳಿಸಿದ ದುಃಖಕ್ಕೆ ಅಳುತ್ತಿದ್ದಾಳೆಂದು ಜಿನ್ನವ್ವ ಅವಳ ಬೆನ್ನು ಸವರಿದಳು.

ಕುಂಥುನಾಥರು ಬಡಿಗೆಯನ್ನು ಕಂಕುಳಿಗೆ ಸಿಕ್ಕಿಸಿ ಸಿದ್ರಾಯನ ಎರಡೂ ಕೈ ಹಿಡಿದುಕೊಂಡರು. "ನಲವತ್ತೈದು ವರ್ಷಕ್ಕಿಂತ ಮ್ಯಾಲಾತು ಮಾಸ್ತರ. ಹಿಡಕಲ್‌ದಾಗ ಸಹೋದ್ಯೋಗಿಗಳಿಗೆ ಕೇಳಿಸ್ದೆ, ಮನ್ಯಾಗ ಕೇಳಿಸ್ದೆ. ಒಬ್ಬರೂ ಹತ್ತ ಮಿನಿಟ ಕುಂಡರಲಿಲ್ಲ. ಈ ಪದ ಗೊತ್ತಿದ್ದವರು ಇನ್ನೊಬ್ಬರು ಈ ಭೂಮಿ ಮ್ಯಾಲ ಅದಾರಂತ ನನಗ ಇವತ್ತ ಗೊತ್ತಾತು. ಮ್ಯಾಲ ಬರ್ರಿ. ನೀವು ಅಳಿಸಿದ ಬಾಜೂ ಕೇಳ್ರಿ."

ಮಾಳಿಗೆಯ ಕೋಣೆಯಲ್ಲಿ ಕುರ್ಚಿ ಸರಿಸಿಕೊಟ್ಟರೂ ಸಿದ್ರಾಯ ಕೂಡಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ತಲೆಯ ಟೊಪ್ಪಿಗೆ ತೆಗೆದಿಟ್ಟು, ಗುರುವಿನ ಎದುರು ಕೂಡುವಂತೆ ನೆಲದ ಮೇಲೆ ಕಾಲು ಮಡಚಿ ಕುಳಿತ. ಬ್ಯಾಂಡಿನವರು ಮೆಟ್ಟಿಲ ಮೇಲೆ ಸಾಲಾಗಿ ಕುಳಿತರು. ಹದಿನೆಂಟು ಮಿನಿಟು ತಟ್ಟೆ ತಿರುಗಿತು. ಗಿಟಾರು ಬಂತು, ದನಿಗಳು ಬಂದವು, ಏಳು ಹೋಗಿ ಐದಾಯಿತು, ಐದು ಹೋಗಿ ಮತ್ತೆ ಏಳಾಯಿತು. ಧಾಟಿ ಹೊಳ್ಳಿ ಬಂದಾಗಲೆಲ್ಲ ಸಿದ್ರಾಯನ ಬೆರಳು ಇಲ್ಲದ ಕ್ಲಾರಿನೆಟ್ಟಿನ ಮೇಲೆ ಆಡಿದವು.

ತಟ್ಟೆ ನಿಂತ ಮೇಲೆ ಅವನು, "ಇಷ್ಟನ್ನ ಅಳಿಸಿ ನಮ್ಮೂರ ಲಕ್ಕಪ್ಪನ ಭಜನಿ ತುಂಬಿದ್ನೆಲ್ಲರಿ ಸಾಹೇಬ್ರ, ಅಂವಗ ಶ್ರುತೀನೂ ಇದ್ದಿಲ್ಲ" ಎಂದ. ಕುಂಥುನಾಥರು ಕೆಮ್ಮು ಬರುವಷ್ಟು ನಕ್ಕರು. ಸಿದ್ರಾಯ ಮಗಳ ಕಡೆ ನೋಡದೆ ಕೇಳಿದ, "ಆ ಹೆಸರ ಇನ್ನೊಮ್ಮೆ ಹೇಳವಾ." ಅವಳು ಹೇಳಿದಳು. ಮತ್ತೊಮ್ಮೆ ಹೇಳಿಸಿದ. ಮೂಡಲಗಿ ಮುಟ್ಟುವವರೆಗೆ ಗಾಡಿಯಲ್ಲಿ ಅವನ ತುಟಿ ಆಡುತ್ತಲೇ ಇದ್ದವು.

ಎಂಟು ದಿನದ ಮೇಲೆ ಕೊಣ್ಣೂರಿನಲ್ಲಿ ಇನ್ನೊಂದು ಮದುವೆ. ಹೆಣ್ಣು ಒಪ್ಪಿಸುವ ಹೊತ್ತಿಗೆ ನೇತ್ರಾ ಮದುಮಗಳ ಹಿಂದೆ ಸೆರಗು ಹಿಡಿದು ನಿಂತಿದ್ದಳು. ಸಿದ್ರಾಯ ಕ್ಲಾರಿನೆಟ್ಟು ಇಳಿಸಿ, ಬಲಗಿವಿ ಮುಟ್ಟಿಕೊಂಡು, ಹಂದರಕ್ಕೆಲ್ಲ ಕೇಳುವಂತೆ ಹೇಳಿದ: "ಎಲ್ಡನ್ ಮೇಬ್ರಿ ಮಾಸ್ತರ."

"ಯಾರ್ರಿ ಅವರು?" ಎಂದರು ಹೆಣ್ಣಿನ ತಂದೆ.

"ನಮ್ಮ ಗುರುಗಳ್ರಿ, ಅಮೇರಿಕಾದವರು. ಈ ಧಾಟಿ ಅವರದ. ಇಷ್ಟ ದಿನಾ ಹೆಸರ ಸಿಕ್ಕಿದ್ದಿಲ್ಲ." ಅವನು ಕ್ಲಾರಿನೆಟ್ಟಿನ ತುದಿಯಿಂದ ನೇತ್ರಾಳನ್ನು ತೋರಿಸಿದ. "ನನ್ನ ಮಗಳು ಹುಡಿಕಿ ಕೊಟ್ಟಾಳ್ರಿ."

ಜನರೆಲ್ಲ ಅವಳ ಕಡೆ ತಿರುಗಿ, ಎಂಥ ಮಗಳು ಎಂದು ತಲೆದೂಗಿದರು. ಸೆರಗಿನ ಅಂಚು ಹಿಡಿದಿದ್ದ ನೇತ್ರಾ ತಲೆ ಎತ್ತಲಿಲ್ಲ. ಒಂದು ಕೈಯನ್ನು ಮಾತ್ರ ಬಿಡಿಸಿಕೊಂಡು ತನ್ನ ಕಿವಿಯನ್ನು ಮುಟ್ಟಿಕೊಂಡಳು. ಸಿದ್ರಾಯ ಊದಲು ಸುರು ಮಾಡಿದ.